ಹೆಸರಿಟ್ಟ ರೇಂಜಿಗೆ ಮ್ಯಾಕ್ರೋದಿಂದ ಫಾರ್ಮುಲಾ: 120ನೇ ಸಾಲಿನಲ್ಲೇ ನಿಲ್ಲುವುದೇಕೆ?

ಪ್ರಶ್ನೆ: ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ಖರೀದಿ ಅಂಗಡಿಯಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಎಕ್ಸೆಲ್ ಶೀಟಿನಲ್ಲಿ ತಾರೀಕು, ಕೃಷಿಕರ ಹೆಸರು, ತರ (ಅಡಿಕೆಯ ದರ್ಜೆ), ಗೋಣಿ, ತೂಕ, ಕಡಿತ, ನಿವ್ವಳ, ದರ, ಮೊತ್ತ ಎಂದು ಎಯಿಂದ ಐವರೆಗೆ ಒಂಬತ್ತು ಕಾಲಂ. ಲೆಕ್ಕ 5ನೇ ಸಾಲಿನಿಂದ ಶುರು. ಗೋಣಿಯಿಂದ ಮೊತ್ತದವರೆಗಿನ ಆರು ಕಾಲಮ್ಮಿಗೂ ಹೆಸರು ಕೊಟ್ಟಿದ್ದೇನೆ. ರೆಕಾರ್ಡ್ ಮಾಡಿದ ಮ್ಯಾಕ್ರೋ (ಕೆಲಸವನ್ನು ತಾನಾಗಿ ಮಾಡಿಸುವ ಕೋಡು) 120ನೇ ಸಾಲಿನವರೆಗೆ ಮಾತ್ರ ಫಾರ್ಮುಲಾ ಹಾಕುತ್ತದೆ. ಕೋಡಿನಲ್ಲಿ ಹೆಸರುಗಳನ್ನೇ ಬಳಸಿ ನೋಡಿದೆ. ಫಾರ್ಮುಲಾದ ಒಳಗೆ @ ಚಿಹ್ನೆ ಸೇರಿಕೊಂಡಿತು, ಕೆಳಗಿನ ಸಾಲುಗಳಲ್ಲಿ #ವ್ಯಾಲ್ಯೂ! ಬಂತು. ಶೀಟನ್ನು ನಕಲು ಮಾಡಿ ಹೊಸ ತಿಂಗಳು ಶುರುಮಾಡಿದರೆ ಕೆಲವೊಮ್ಮೆ ಹಳೆ ತಿಂಗಳಿನ ಶೀಟೇ ಬದಲಾಗುತ್ತದೆ. ದರಪಟ್ಟಿ ತಿದ್ದಿದರೆ ನಿನ್ನೆಯ ಮೊತ್ತವೂ ಬದಲಾಗುತ್ತದೆ. ಸರಿಪಡಿಸುವುದು ಹೇಗೆ?

ಉತ್ತರ: ನೀವು ಹೇಳಿದ ನಾಲ್ಕು ತೊಂದರೆಗಳಲ್ಲಿ ಮೂರು ಒಂದೇ ಕಡೆಯಿಂದ ಬಂದವು. ಹೆಸರು ಈ ಹೊತ್ತಿಗೆ ಯಾವ ಸೆಲ್‌ಗಳನ್ನು ಹಿಡಿದಿದೆ, ಯಾವ ಶೀಟಿಗೆ ಸೇರಿದೆ ಎಂಬುದನ್ನು ನೋಡದೆ ಫಾರ್ಮುಲಾ ಹಾಕಲಾಗಿದೆ. ಹಾಗಾಗಿ ಮೊದಲು ರೇಂಜನ್ನು, ಅಂದರೆ ಹೆಸರು ಹಿಡಿದ ಸೆಲ್‌ಗಳ ಗುಂಪನ್ನು, ಸರಿಮಾಡಬೇಕು, ಆಮೇಲೆ ಫಾರ್ಮುಲಾ. ನಾಲ್ಕನೆಯದು, ದರದ ವಿಷಯ, ಬೇರೆಯೇ. ಅದರಲ್ಲಿ ಹಣದ ವ್ಯತ್ಯಾಸ ಬರುವುದರಿಂದ ಅದನ್ನು ಕೊನೆಗೆ ಬಿಡಿಸಿ ಹೇಳುತ್ತೇನೆ.

ಕೋಡಿನ ಸಾಲುಗಳನ್ನು ಇಲ್ಲಿ ಉಚ್ಚಾರಕ್ಕೆ ಸರಿಯಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಎಡಿಟರಿನಲ್ಲಿ ಹೊಡೆಯುವಾಗ ಆಜ್ಞೆ, ಕಾಲಮ್ಮಿನ ಅಕ್ಷರ, ನೀವು ಕೊಟ್ಟ ಹೆಸರು, ಸಂದೇಶ, ಎಲ್ಲವೂ ಇಂಗ್ಲಿಷ್ ಅಕ್ಷರದಲ್ಲೇ ಇರಬೇಕು. ಅದರ ಕಾರಣ ಮುಂದೆ ಬರುತ್ತದೆ.

120ನೇ ಸಾಲಿನಲ್ಲಿ ನಿಲ್ಲುವುದು ಏಕೆಂದರೆ, ರೆಕಾರ್ಡರ್ ನೀವು ಎಳೆದದ್ದನ್ನು ಎಳೆದ ಹಾಗೇ ಬರೆದಿಡುತ್ತದೆ. ಅಂದು ಜಿ5ರಿಂದ ಜಿ120ರವರೆಗೆ ಎಳೆದಿದ್ದರೆ ಕೋಡಿನಲ್ಲಿ ಅದೇ ವಿಳಾಸ ಕೂತಿರುತ್ತದೆ. ಹೆಸರಿನ ಸ್ವಭಾವವೂ ಅಷ್ಟೇ. ರೇಂಜಿನ ನಡುವೆ ಸಾಲು ಸೇರಿಸಿದರೆ ಹೆಸರು ತಾನಾಗಿ ಹಿಗ್ಗುತ್ತದೆ. ಕೊನೆಯ ಸಾಲಿನ ಕೆಳಗೆ ಹೊಸದು ಬರೆದರೆ ಹಿಗ್ಗುವುದಿಲ್ಲ. ಖರೀದಿ ಲೆಕ್ಕವನ್ನು ಯಾರೂ ನಡುವೆ ಬರೆಯುವುದಿಲ್ಲ, ಕೆಳಗೇ ಬರೆಯುತ್ತಾರೆ.

@ ಚಿಹ್ನೆ ತಪ್ಪಲ್ಲ. "=ತೂಕ-ಕಡಿತ" ಎಂಬುದನ್ನು ಕೋಡಿನಲ್ಲಿ ರೇಂಜಿನ ಫಾರ್ಮುಲಾ ಎಂಬ ಗುಣಕ್ಕೆ (ಪ್ರಾಪರ್ಟಿಗೆ) ಕೊಟ್ಟಾಗ, ಆಯಾ ಸಾಲಿನ ತೂಕದಿಂದ ಆಯಾ ಸಾಲಿನ ಕಡಿತವನ್ನು ಕಳೆ ಎಂದು ಎಕ್ಸೆಲ್ ಅರ್ಥ ಮಾಡಿಕೊಳ್ಳುತ್ತದೆ. ಹಳೆಯ ಎಕ್ಸೆಲ್ ಇದನ್ನು ಮೌನವಾಗಿ ಮಾಡುತ್ತಿತ್ತು. ಫಲಿತಾಂಶ ತಾನೇ ಹರಡುವ ಫಾರ್ಮುಲಾಗಳು ಬಂದ ಮೇಲಿನ ಎಕ್ಸೆಲ್ ಅದನ್ನೇ @ ಹಾಕಿ ತೋರಿಸುತ್ತದೆ. ಆದರೆ 121ನೇ ಸಾಲಿನಲ್ಲಿ ನಿಂತು ಕೇಳಿದರೆ, 120ಕ್ಕೆ ಮುಗಿದ ತೂಕ ಎಂಬ ರೇಂಜಿನಲ್ಲಿ ಆ ಸಾಲೇ ಇಲ್ಲ. ಆಗ #ವ್ಯಾಲ್ಯೂ! ಬರುತ್ತದೆ. @ ಬೇಡವೆಂದು ಫಾರ್ಮುಲಾ2 ಎಂಬ ಗುಣಕ್ಕೆ ಬದಲಾಯಿಸಬೇಡಿ. ಅದರಲ್ಲಿ ಪ್ರತಿ ಸೆಲ್ಲೂ ಇಡೀ ಕಾಲಮ್ಮಿನ ಉತ್ತರವನ್ನು ಕೆಳಗೆ ಹರಡಲು ಹೋಗುತ್ತದೆ, ಕೆಳಗಿನ ಸೆಲ್ ಖಾಲಿ ಇರುವುದಿಲ್ಲ, ಕಾಲಂ ತುಂಬ #ಸ್ಪಿಲ್! ಕಾಣುತ್ತದೆ. ಫಾರ್ಮುಲಾ2 ಬೇಕೇ ಬೇಕೆಂದರೆ ಮೊದಲ ಸೆಲ್ಲಿಗೆ ಮಾತ್ರ ಕೊಡಬೇಕು.

ಹಳೆ ತಿಂಗಳ ಶೀಟು ಬದಲಾಗುವುದು ಹೆಸರಿನ ವ್ಯಾಪ್ತಿಯಿಂದ. ನೀವು ಮೊದಲು ಕೊಟ್ಟ ಹೆಸರು ಇಡೀ ವರ್ಕ್‌ಬುಕ್ಕಿಗೆ ಸೇರಿದ್ದು. ಮೇ ತಿಂಗಳ ಶೀಟನ್ನು ನಕಲು ಮಾಡಿ ಜೂನ್ ಮಾಡಿದಾಗ, ಅದೇ ಹೆಸರಿನ ಇನ್ನೊಂದು ಪ್ರತಿ ಜೂನ್ ಶೀಟಿಗೆ ಮಾತ್ರ ಸೇರಿದ್ದಾಗಿ ಹುಟ್ಟುತ್ತದೆ. ಈಗ ತೂಕ ಎಂಬ ಹೆಸರು ಎರಡಿವೆ. ಜೂನ್ ಶೀಟು ತೆರೆದಿರುವಾಗ ಮ್ಯಾಕ್ರೋ ಓಡಿಸಿದರೆ ಜೂನಿನದು ಸಿಗುತ್ತದೆ. ದರಪಟ್ಟಿಯ ಶೀಟು ತೆರೆದಿರುವಾಗ ಓಡಿಸಿದರೆ ವರ್ಕ್‌ಬುಕ್ಕಿನದು, ಅಂದರೆ ಮೇ ತಿಂಗಳಿನದು ಸಿಗುತ್ತದೆ. ಕೆಲವೊಮ್ಮೆ ಮಾತ್ರ ತಪ್ಪುವುದಕ್ಕೆ ಇದೇ ಕಾರಣ.

ಇದನ್ನು ಒಮ್ಮೆ ಕೈಯಾರೆ ಸರಿಮಾಡಿ. ಕಂಟ್ರೋಲ್ ಮತ್ತು ಎಫ್3 ಒತ್ತಿದರೆ ನೇಮ್ ಮ್ಯಾನೇಜರ್ ತೆರೆಯುತ್ತದೆ, ಅದರಲ್ಲಿ ವ್ಯಾಪ್ತಿ ತೋರಿಸುವ ಸ್ಕೋಪ್ ಎಂಬ ಕಾಲಂ ಇದೆ. ಸ್ಕೋಪನ್ನು ಆಮೇಲೆ ಬದಲಾಯಿಸಲು ಬರುವುದಿಲ್ಲ. ಆದ್ದರಿಂದ ವರ್ಕ್‌ಬುಕ್ ಎಂದಿರುವ ಆರು ಹೆಸರುಗಳನ್ನೂ ಅಳಿಸಿ, ನ್ಯೂ ಒತ್ತಿ, ಸ್ಕೋಪಿನಲ್ಲಿ ಆಯಾ ತಿಂಗಳ ಶೀಟನ್ನೇ ಆರಿಸಿ ಮತ್ತೆ ಕೊಡಿ. ಪ್ರತಿ ಹೆಸರಿಗೂ ಮೊದಲ ಸೆಲ್ ಸಾಕು: ಗೋಣಿಗೆ ಡಿ5, ತೂಕಕ್ಕೆ ಇ5, ಹೀಗೆ ಮೊತ್ತಕ್ಕೆ ಐ5. ಉದ್ದವನ್ನು ಮ್ಯಾಕ್ರೋ ನೋಡಿಕೊಳ್ಳುತ್ತದೆ. ಈ ಶೀಟನ್ನು ಮುಂದಿನ ತಿಂಗಳಿಗೆ ನಕಲು ಮಾಡಿದಾಗ ಹೆಸರುಗಳು ನಕಲಿನೊಂದಿಗೇ ಬರುತ್ತವೆ, ಒಂದರ ಹೆಸರು ಇನ್ನೊಂದರ ಮೇಲೆ ಬೀಳುವುದಿಲ್ಲ.

ಎಲ್ಲ ತಿಂಗಳಿಗೂ ಒಂದೇ ಆಗಿರುವ ಎರಡು ಹೆಸರು ಮಾತ್ರ ವರ್ಕ್‌ಬುಕ್ ವ್ಯಾಪ್ತಿಯಲ್ಲಿರಲಿ. ಒಂದು ಗೋಣಿಗೆ ಎಷ್ಟು ತೂಕ ಕಳೆಯುತ್ತೀರೋ ಆ ಅಂಕಿ ಇರುವ ಒಂಟಿ ಸೆಲ್ಲಿಗೆ ಗೋಣಿತೂಕ. ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಕರಿಗೋಟು ಎಂದು ತರವೊಂದು ಕಾಲಂ, ಕಿಲೋದ ದರ ಇನ್ನೊಂದು ಕಾಲಂ ಇರುವ ಪಟ್ಟಿಗೆ ದರಪಟ್ಟಿ. ಹೆಸರಿನ ನಡುವೆ ಜಾಗ ಬಿಡುವ ಹಾಗಿಲ್ಲ. ತಿಂಗಳ ಮೂರಕ್ಷರಕ್ಕೆ ಇಸವಿಯ ಎರಡಂಕಿ ಸೇರಿಸಿ ಹೆಸರು ಕೊಡಲು ಹೋದರೆ ಎಕ್ಸೆಲ್ ಒಪ್ಪುವುದಿಲ್ಲ. ಶೀಟಿನಲ್ಲಿ 16,384 ಕಾಲಂಗಳಿದ್ದು, ಮೂರಕ್ಷರದ ಅಂಥ ವಿಳಾಸದ ಸೆಲ್ ನಿಜವಾಗಿಯೂ ಇರುತ್ತದೆ.

ಈಗ ಕೋಡು. ಆಲ್ಟ್ ಮತ್ತು ಎಫ್11 ಒತ್ತಿ, ಇನ್ಸರ್ಟ್ ಮೆನುವಿನಲ್ಲಿ ಮಾಡ್ಯೂಲ್ ಆರಿಸಿ ಅದರಲ್ಲಿ ಬರೆಯಿರಿ.

ಆಪ್ಷನ್ ಎಕ್ಸ್‌ಪ್ಲಿಸಿಟ್

ಫಂಕ್ಷನ್ ಮೊದಲು(ಹಾಳೆ ಆ್ಯಸ್ ವರ್ಕ್‌ಶೀಟ್, ಯಾವುದು ಆ್ಯಸ್ ಸ್ಟ್ರಿಂಗ್) ಆ್ಯಸ್ ಸ್ಟ್ರಿಂಗ್
ಮೊದಲು = ಹಾಳೆ.ರೇಂಜ್(ಯಾವುದು).ಸೆಲ್ಸ್(1).ಅಡ್ರೆಸ್(ಫಾಲ್ಸ್, ಫಾಲ್ಸ್)
ಎಂಡ್ ಫಂಕ್ಷನ್

ಸಬ್ ದಿನದಲೆಕ್ಕ()
ಡಿಮ್ ಹಾಳೆ ಆ್ಯಸ್ ವರ್ಕ್‌ಶೀಟ್
ಡಿಮ್ ಕೊನೆ ಆ್ಯಸ್ ಲಾಂಗ್, ಎಷ್ಟು ಆ್ಯಸ್ ಲಾಂಗ್
ಡಿಮ್ ಹೆಸರು ಆ್ಯಸ್ ವೇರಿಯಂಟ್
ಸೆಟ್ ಹಾಳೆ = ಆ್ಯಕ್ಟಿವ್‌ಶೀಟ್
ಇಫ್ ಹಾಳೆ.ಫಿಲ್ಟರ್‌ಮೋಡ್ ದೆನ್ ಹಾಳೆ.ಶೋಆಲ್‌ಡೇಟಾ
ಕೊನೆ = ಹಾಳೆ.ಸೆಲ್ಸ್(ಹಾಳೆ.ರೋಸ್.ಕೌಂಟ್, "ಬಿ").ಎಂಡ್(ಎಕ್ಸ್‌ಎಲ್‌ಅಪ್).ರೋ
ಎಷ್ಟು = ಕೊನೆ - ಹಾಳೆ.ರೇಂಜ್("ತೂಕ").ರೋ + 1
ಇಫ್ ಎಷ್ಟು < 1 ದೆನ್ ಎಕ್ಸಿಟ್ ಸಬ್
ಫಾರ್ ಈಚ್ ಹೆಸರು ಇನ್ ಅರೇ("ಗೋಣಿ", "ತೂಕ", "ಕಡಿತ", "ನಿವ್ವಳ", "ದರ", "ಮೊತ್ತ")
ಹಾಳೆ.ನೇಮ್ಸ್.ಆ್ಯಡ್ ನೇಮ್:=ಹೆಸರು, ರೆಫರ್ಸ್‌ಟು:=ಹಾಳೆ.ರೇಂಜ್(ಹೆಸರು).ಸೆಲ್ಸ್(1).ರಿಸೈಜ್(ಎಷ್ಟು)
ನೆಕ್ಸ್ಟ್
ಹಾಳೆ.ರೇಂಜ್("ಕಡಿತ").ಫಾರ್ಮುಲಾ = "=ರೌಂಡ್(" & ಮೊದಲು(ಹಾಳೆ, "ಗೋಣಿ") & "*ಗೋಣಿತೂಕ,3)"
ಹಾಳೆ.ರೇಂಜ್("ನಿವ್ವಳ").ಫಾರ್ಮುಲಾ = "=" & ಮೊದಲು(ಹಾಳೆ, "ತೂಕ") & "-" & ಮೊದಲು(ಹಾಳೆ, "ಕಡಿತ")
ಹಾಳೆ.ರೇಂಜ್("ಮೊತ್ತ").ಫಾರ್ಮುಲಾ = "=ರೌಂಡ್(" & ಮೊದಲು(ಹಾಳೆ, "ನಿವ್ವಳ") & "*" & ಮೊದಲು(ಹಾಳೆ, "ದರ") & ",2)"
ಎಂಡ್ ಸಬ್

ಸಾಲು ಸಾಲಾಗಿ ಸುತ್ತುವ ಲೂಪ್ ಇದರಲ್ಲಿಲ್ಲ, ಬೇಕಾಗಿಯೂ ಇಲ್ಲ. ಹಲವು ಸೆಲ್‌ಗಳ ರೇಂಜಿಗೆ ಒಂದು ಫಾರ್ಮುಲಾ ಕೊಟ್ಟರೆ ಎಕ್ಸೆಲ್ ಅದನ್ನು ಮೊದಲ ಸೆಲ್ಲಿಗೆಂದು ಓದಿಕೊಂಡು, ಉಳಿದ ಸೆಲ್‌ಗಳಿಗೆ ಸಾಲಿನ ಅಂಕಿಯನ್ನು ತಾನೇ ಮುಂದಕ್ಕೆ ಸರಿಸುತ್ತದೆ. ಜಿ5ಕ್ಕೆ =ಇ5-ಎಫ್5 ಹೋದರೆ ಜಿ6ಕ್ಕೆ =ಇ6-ಎಫ್6. ಎಲ್ಲ ಸೆಲ್ಲಿಗೂ ಒಂದೇ ಏಟಿಗೆ ಬರೆಯುವುದರಿಂದ ಲೂಪಿಗಿಂತ ಬಹಳ ಬೇಗ ಮುಗಿಯುತ್ತದೆ.

ಇದರಲ್ಲೇ ಒಂದು ಅಪಾಯವೂ ಅಡಗಿದೆ. ರೇಂಜು 5ನೇ ಸಾಲಿನಿಂದ ಶುರುವಾಗುವಾಗ ಅಭ್ಯಾಸಬಲದಿಂದ "=ಇ2-ಎಫ್2" ಎಂದು ಬರೆದಿರೋ, ಪ್ರತಿಯೊಬ್ಬರ ನಿವ್ವಳವೂ ಮೂರು ಸಾಲು ಮೇಲಿನವರ ತೂಕದಿಂದ ಬರುತ್ತದೆ. ಶೀರ್ಷಿಕೆಯ ಸಾಲು ಸಿಕ್ಕುವ ಕಡೆ ಬಿಟ್ಟರೆ ಎಲ್ಲೂ ತಪ್ಪಿನ ಸಂದೇಶ ಇರುವುದಿಲ್ಲ. ಎಂಟನೇ ಸಾಲಿನ ಕೃಷಿಕರಿಗೆ ಐದನೇ ಸಾಲಿನವರ ಅಡಿಕೆಯ ಹಣ ಹೋಗುತ್ತದೆ, ಅಷ್ಟೇ. ಮೊದಲು ಎಂಬ ಪುಟ್ಟ ಫಂಕ್ಷನ್ ಇರುವುದು ಇದಕ್ಕಾಗಿಯೇ. ಸಾಲಿನ ಅಂಕಿಯನ್ನಾಗಲಿ ಕಾಲಮ್ಮಿನ ಅಕ್ಷರವನ್ನಾಗಲಿ ನಾವು ಬರೆಯುವುದಿಲ್ಲ, ಹೆಸರಿನ ಮೊದಲ ಸೆಲ್ಲಿನಿಂದ ಕೇಳಿ ಪಡೆಯುತ್ತೇವೆ. ನಾಳೆ ತೂಕದ ಎಡಕ್ಕೆ ತೇವಾಂಶಕ್ಕೆಂದು ಒಂದು ಕಾಲಂ ಸೇರಿಸಿದರೂ ಹೆಸರು ತನ್ನ ಸೆಲ್ಲಿನ ಜೊತೆ ಸರಿಯುತ್ತದೆ, ಈ ಮೂರು ಸಾಲನ್ನು ಮುಟ್ಟಬೇಕಾಗಿಲ್ಲ. ಹೆಸರು ಕೊಡುವುದರ ನಿಜವಾದ ಲಾಭ ಇಲ್ಲಿದೆ ಎಂದು ನನ್ನ ಅಭಿಪ್ರಾಯ; "=ತೂಕ-ಕಡಿತ" ಎಂದು ಓದಲು ಚೆನ್ನಾಗಿ ಕಾಣುವುದರಲ್ಲಿ ಅಲ್ಲ. ಕಾಲಮ್ಮಿನ ಹೆಸರನ್ನು ಫಾರ್ಮುಲಾದ ಒಳಗೆ ಬಳಸಬೇಕಾದ್ದು =ಸಮ್(ಮೊತ್ತ) ಥರದ ಕಡೆ, ಇಡೀ ಕಾಲಂ ಬೇಕಾದಾಗ.

ಹಾಳೆಗೆ ಆ್ಯಕ್ಟಿವ್‌ಶೀಟ್ ಎಂದಿಟ್ಟದ್ದನ್ನು ನೋಡಿ ಅನುಮಾನ ಬರಬಹುದು. ಮ್ಯಾಕ್ರೋ ಓಡಿಸುವ ಬಟನನ್ನು ತಿಂಗಳ ಶೀಟಿನ ಮೇಲೇ ಇಡಿ, ಶೀಟು ನಕಲಾದಾಗ ಬಟನೂ ಬರುತ್ತದೆ. ದರಪಟ್ಟಿಯ ಶೀಟಿನಲ್ಲಿದ್ದುಕೊಂಡು ಓಡಿಸಿದರೆ ಅಲ್ಲಿ ತೂಕ ಎಂಬ ಹೆಸರೇ ಇಲ್ಲದ್ದರಿಂದ 1004 ಎಂಬ ದೋಷ ಬಂದು ನಿಲ್ಲುತ್ತದೆ. ಸದ್ದಿಲ್ಲದೆ ಮೇ ತಿಂಗಳನ್ನು ಕೆಡಿಸುವುದಕ್ಕಿಂತ ಅದು ಒಳ್ಳೆಯದು.

ಕೊನೆಯ ಸಾಲನ್ನು ಕೃಷಿಕರ ಹೆಸರಿನ ಕಾಲಮ್ಮಿನಿಂದ ಹುಡುಕುತ್ತೇವೆ, ಅದು ಖಾಲಿ ಬಿಡುವ ಕಾಲಂ ಅಲ್ಲವಲ್ಲ. ಶೀಟಿನ ಕಟ್ಟಕಡೆಯ 10,48,576ನೇ ಸಾಲಿನಿಂದ ಮೇಲಕ್ಕೆ ಹೋಗಿ ಮೊದಲು ಸಿಕ್ಕಿದ ತುಂಬಿದ ಸೆಲ್ಲಿನಲ್ಲಿ ಅದು ನಿಲ್ಲುತ್ತದೆ. ಫಿಲ್ಟರ್ ಹಾಕಿದ್ದರೆ ಅಡಗಿದ ಸಾಲುಗಳನ್ನು ದಾಟಿ ಹೋಗುತ್ತದೆ, ಅದಕ್ಕಾಗಿ ಮೊದಲೇ ಫಿಲ್ಟರ್ ತೆಗೆಯುವ ಸಾಲು ಇದೆ. ನಿಮ್ಮ ಶೀಟಿನ ಕೆಳಗೆ "ಒಟ್ಟು" ಎಂದು ಬಿ ಕಾಲಮ್ಮಿನಲ್ಲಿ ಬರೆದಿದ್ದರೆ ಆ ಸಾಲೂ ಕೃಷಿಕರ ಸಾಲೆಂದೇ ಲೆಕ್ಕಕ್ಕೆ ಸೇರುತ್ತದೆ, ಒಟ್ಟು ಮೊತ್ತದ ಸೆಲ್ಲಿನ ಮೇಲೆ ಫಾರ್ಮುಲಾ ಬೀಳುತ್ತದೆ. ಒಟ್ಟನ್ನು ಮೇಲೆ, ಶೀರ್ಷಿಕೆಗಿಂತ ಮೊದಲು, 2ನೇ ಸಾಲಿನಲ್ಲಿಡಿ. ದಿನವೂ ಕೆಳಕ್ಕೆ ಬೆಳೆಯುವ ಲೆಕ್ಕಕ್ಕೆ ಒಟ್ಟು ಮೇಲಿರುವುದೇ ಅನುಕೂಲ.

ಫಾರ್ಮುಲಾ ಹಾಕಿದರೂ ಸೆಲ್ಲಿನಲ್ಲಿ ಉತ್ತರದ ಬದಲು ಫಾರ್ಮುಲಾವೇ ಅಕ್ಷರವಾಗಿ ಕಂಡರೆ ಆ ಸೆಲ್ಲಿನ ಫಾರ್ಮ್ಯಾಟ್ ಟೆಕ್ಸ್ಟ್ ಆಗಿದೆ ಎಂದರ್ಥ. ಜನರಲ್ ಮಾಡಿ ಮತ್ತೆ ಓಡಿಸಿ. ತೂಕದ ಸೆಲ್ಲಿನಲ್ಲಿ "62.400 ಕೆಜಿ" ಎಂದು ಕೈಯಲ್ಲಿ ಬರೆದಿದ್ದರೂ #ವ್ಯಾಲ್ಯೂ! ಬರುತ್ತದೆ. ಅಂಕಿ ಮಾತ್ರ ಬರೆಯಿರಿ; ಕೆಜಿ ಕಾಣಲೇಬೇಕಿದ್ದರೆ ಫಾರ್ಮ್ಯಾಟ್ ಸೆಲ್ಸ್‌ನ ಕಸ್ಟಮ್ ಜಾಗದಲ್ಲಿ 0.000" ಕೆಜಿ" ಎಂದು ಕೊಡಿ. ತೂಕ ಖಾಲಿ ಇದ್ದಾಗ ನಿವ್ವಳವೂ ಖಾಲಿ ಕಾಣಲಿ ಎಂದು ಇಫ್ ಸೇರಿಸುವುದಾದರೆ ಎರಡು ಎಚ್ಚರ. ಕೋಡಿನಲ್ಲಿ ಉದ್ಧರಣ ಚಿಹ್ನೆಯ ಒಳಗಿನ ಪ್ರತಿ ಉದ್ಧರಣ ಚಿಹ್ನೆಯನ್ನೂ ಇಮ್ಮಡಿ ಮಾಡಬೇಕು, ಅಂದರೆ "=ಇಫ್(ಇ5="""","""",ಇ5-ಎಫ್5)" ಎಂದಾಗಬೇಕು. ಮತ್ತೆ, ಖಾಲಿಯಾಗಿ ಕಾಣುವ ಆ ನಿವ್ವಳ ನಿಜಕ್ಕೂ ಖಾಲಿಯಲ್ಲ, ಉದ್ದವಿಲ್ಲದ ಅಕ್ಷರ. ಅದನ್ನು ದರದಿಂದ ಗುಣಿಸಿದರೆ #ವ್ಯಾಲ್ಯೂ!. ಹಾಗಾಗಿ ಮೊತ್ತದ ಫಾರ್ಮುಲಾಕ್ಕೂ ಅದೇ ಇಫ್ ಬೇಕು.

ಇನ್ನು ಕನ್ನಡದ ವಿಷಯ. ಸೆಲ್ಲಿನಲ್ಲಿ ಕನ್ನಡ ಚೆನ್ನಾಗಿ ಕೂರುತ್ತದೆ, ಆದರೆ ಮ್ಯಾಕ್ರೋ ಎಡಿಟರ್ ಯೂನಿಕೋಡ್ ಅರಿಯದ ಹಳೆಯ ಸಾಧನ. ಅದರಲ್ಲಿ "ಹೊಸ" ಎಂದು ಅಂಟಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳು ಬರುತ್ತವೆ. ಕಾಣುವುದಷ್ಟೇ ಹಾಗಲ್ಲ, ಉಳಿಯುವುದೂ ಹಾಗೆಯೇ. ವಿಂಡೋಸಿನಲ್ಲಿ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ ಪ್ರಯೋಜನವಿಲ್ಲ. ವಿಂಡೋಸಿನ ಭಾಷಾ ಹೊಂದಿಕೆ ಬಳಸುವ, ಯೂನಿಕೋಡಿಗಿಂತ ಹಿಂದಿನ ಕೋಡ್ ಪುಟಗಳಲ್ಲಿ (ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿಗಳಲ್ಲಿ) ಕನ್ನಡಕ್ಕೆ ಪುಟವೇ ಇರಲಿಲ್ಲ. ಕನ್ನಡದ ಪದ ಕೋಡಿಗೆ ಬೇಕೇ ಬೇಕಾದರೆ ಅಕ್ಷರದ ಸಂಖ್ಯೆಯಿಂದ ಕಟ್ಟಬೇಕು: ಸಿಎಚ್‌ಆರ್‌ಡಬ್ಲ್ಯು(3257) & ಸಿಎಚ್‌ಆರ್‌ಡಬ್ಲ್ಯು(3274) & ಸಿಎಚ್‌ಆರ್‌ಡಬ್ಲ್ಯು(3256) ಎಂದರೆ "ಹೊಸ". ಇದು ಕಷ್ಟದ ದಾರಿ. ಕನ್ನಡ ಪದಗಳೆಲ್ಲ ಶೀಟಿನ ಸೆಲ್‌ಗಳಲ್ಲೇ ಇರಲಿ, ಕೋಡು ಆ ಸೆಲ್ಲನ್ನು ಹೆಸರಿನಿಂದ ಕರೆಯಲಿ. ದರಪಟ್ಟಿ ಬೇರೆ ಶೀಟಿನಲ್ಲಿರುವುದು ಇದಕ್ಕೂ ಒಳ್ಳೆಯದು.

ಕಾಸರಗೋಡಿನ ಅಂಗಡಿಗಳಲ್ಲಿ ಒಬ್ಬರು ತರವನ್ನು ಕನ್ನಡದಲ್ಲಿ ಹೊಡೆಯುತ್ತಾರೆ, ಮಧ್ಯಾಹ್ನ ಕೂರುವವರು ಮಲಯಾಳದಲ್ಲಿ ಹೊಡೆಯುತ್ತಾರೆ. ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದ ಪಟ್ಟಿಯೊಂದು ಕಡತದಲ್ಲಿ ಉಳಿದಿರುವುದೂ ಉಂಟು. ಕಣ್ಣಿಗೆ ಅದು ಕನ್ನಡ, ಒಳಗೆ ಬರೀ ಇಂಗ್ಲಿಷ್ ಅಕ್ಷರ. ಎಕ್ಸೆಲ್ಲಿಗೆ ಇವು ಮೂರೂ ಬೇರೆ ಬೇರೆ ಪದ. ತರದ ಕಾಲಮ್ಮಿಗೆ ಡೇಟಾ ವ್ಯಾಲಿಡೇಷನ್‌ನಲ್ಲಿ ಲಿಸ್ಟ್ ಆರಿಸಿ, ದರಪಟ್ಟಿಯ ಮೊದಲ ಕಾಲಮ್ಮನ್ನೇ ಮೂಲವಾಗಿ ಕೊಡಿ. ಹೊಡೆಯುವ ಬದಲು ಆರಿಸಿದರೆ ಈ ತೊಂದರೆ ಮುಗಿಯಿತು.

ಇನ್ನು ದರ. ದರದ ಕಾಲಮ್ಮಿನಲ್ಲಿ, ಪಟ್ಟಿಯಿಂದ ದರ ಹುಡುಕಿ ತರುವ ವಿಲುಕಪ್ ಫಾರ್ಮುಲಾ ಜೀವಂತವಾಗಿ ಇರುವಷ್ಟು ದಿನವೂ ಪಟ್ಟಿ ತಿದ್ದಿದ ಕೂಡಲೇ ಹಿಂದಿನ ಎಲ್ಲ ಸಾಲುಗಳೂ ಹೊಸ ದರಕ್ಕೆ ತಿರುಗುತ್ತವೆ. ಹಣ ಕೊಟ್ಟು ಚೀಟಿ ಹರಿದ ಸಾಲು ಬದಲಾಗಕೂಡದು. ಆದ್ದರಿಂದ ದರವನ್ನು ಹುಡುಕಿ ತಂದು, ಅಲ್ಲೇ ಅಂಕಿಯಾಗಿ ಗಟ್ಟಿಮಾಡಬೇಕು. ಮುಂದಿನ ಸಲ ಮ್ಯಾಕ್ರೋ ಓಡಿದಾಗ ಖಾಲಿ ಇರುವ ದರದ ಸೆಲ್‌ಗಳನ್ನು ಮಾತ್ರ ಮುಟ್ಟಬೇಕು. ಮೇಲಿನ ನೆಕ್ಸ್ಟ್ ಆದ ಮೇಲೆ ಇದನ್ನು ಸೇರಿಸಿ:

ಡಿಮ್ ಖಾಲಿ ಆ್ಯಸ್ ರೇಂಜ್, ದರಗಳು ಆ್ಯಸ್ ರೇಂಜ್
ಸೆಟ್ ದರಗಳು = ಹಾಳೆ.ರೇಂಜ್("ದರ")
ಆನ್ ಎರರ್ ರೆಸ್ಯೂಮ್ ನೆಕ್ಸ್ಟ್
ಸೆಟ್ ಖಾಲಿ = ಇಂಟರ್‌ಸೆಕ್ಟ್(ದರಗಳು, ದರಗಳು.ಸ್ಪೆಷಲ್‌ಸೆಲ್ಸ್(ಎಕ್ಸ್‌ಎಲ್‌ಸೆಲ್‌ಟೈಪ್‌ಬ್ಲ್ಯಾಂಕ್ಸ್))
ಆನ್ ಎರರ್ ಗೋಟು 0
ಇಫ್ ನಾಟ್ ಖಾಲಿ ಈಸ್ ನಥಿಂಗ್ ದೆನ್ ಖಾಲಿ.ಫಾರ್ಮುಲಾಆರ್1ಸಿ1 = "=ವಿಲುಕಪ್(ಆರ್‌ಸಿ3,ದರಪಟ್ಟಿ,2,ಫಾಲ್ಸ್)"
ಇಫ್ ಈಸ್‌ಎರರ್(ಅಪ್ಲಿಕೇಷನ್.ಸಮ್(ದರಗಳು)) ದೆನ್
ಎಂಎಸ್‌ಜಿಬಾಕ್ಸ್ "ತರ ನೋಡಿ"
ಎಲ್ಸ್
ದರಗಳು.ವ್ಯಾಲ್ಯೂ2 = ದರಗಳು.ವ್ಯಾಲ್ಯೂ2
ಎಂಡ್ ಇಫ್

ಖಾಲಿ ಸೆಲ್ ಒಂದೂ ಇಲ್ಲದಿದ್ದರೆ ಸ್ಪೆಷಲ್‌ಸೆಲ್ಸ್ ದೋಷ ಕೊಡುತ್ತದೆ, ಅದನ್ನು ದಾಟಿಸಲು ಆನ್ ಎರರ್. ಆ ಒಂದೇ ಸಾಲು ಆದ ಕೂಡಲೇ ಅದನ್ನು ಗೋಟು 0 ಎಂದು ಮುಚ್ಚಿ; ತೆರೆದೇ ಬಿಟ್ಟರೆ ಮುಂದಿನ ನಿಜವಾದ ತಪ್ಪುಗಳೂ ಕಾಣದೆ ಹೋಗುತ್ತವೆ. ಇಂಟರ್‌ಸೆಕ್ಟ್ ಏಕೆಂದರೆ, ತಿಂಗಳ ಮೊದಲ ದಿನ ದರದ ರೇಂಜಿನಲ್ಲಿ ಒಂದೇ ಸೆಲ್ ಇರಬಹುದು. ಒಂಟಿ ಸೆಲ್ಲಿನ ಮೇಲೆ ಸ್ಪೆಷಲ್‌ಸೆಲ್ಸ್ ಕೇಳಿದರೆ ಅದು ಶೀಟಿನಲ್ಲಿ ಬಳಕೆಯಾದ ಇಡೀ ಜಾಗದ ಖಾಲಿ ಸೆಲ್‌ಗಳನ್ನು ಹಿಡಿದುಕೊಡುತ್ತದೆ, ವಿಲುಕಪ್ ಕಂಡಕಂಡಲ್ಲಿ ಬೀಳುತ್ತದೆ. ಖಾಲಿ ಸೆಲ್‌ಗಳು ಅಲ್ಲಲ್ಲಿ ಚದುರಿರಬಹುದಾದ್ದರಿಂದ ಇಲ್ಲಿ ಸಾಲು, ಕಾಲಂ ಎರಡನ್ನೂ ಅಂಕಿಯಿಂದ ಹೇಳುವ ಆರ್1ಸಿ1 ರೀತಿ ಬಳಸಿದ್ದೇನೆ. ಆರ್‌ಸಿ3 ಎಂದರೆ ಇದೇ ಸಾಲಿನ ಮೂರನೇ ಕಾಲಂ, ತರ. ಎಲ್ಲ ಸೆಲ್ಲಿಗೂ ಬರಹ ಒಂದೇ. ತರದ ಕಾಲಂ ಜಾಗ ಬದಲಿಸಿದರೆ ಮಾತ್ರ ಈ 3ನ್ನು ನೆನಪಿನಿಂದ ತಿದ್ದಬೇಕು. ಆರ್1ಸಿ1 ಬರಹವನ್ನು ಬರೀ ಫಾರ್ಮುಲಾ ಗುಣಕ್ಕೆ ಕೊಟ್ಟು ಕೆಡಿಸಿಕೊಳ್ಳಬೇಡಿ.

ಗಟ್ಟಿಮಾಡಲು ವ್ಯಾಲ್ಯೂ ಬದಲು ವ್ಯಾಲ್ಯೂ2 ಹಾಕಿದ್ದಕ್ಕೂ ಕಾರಣವಿದೆ. ಸೆಲ್ಲಿಗೆ ರೂಪಾಯಿಯ ಕರೆನ್ಸಿ ಫಾರ್ಮ್ಯಾಟ್ ಇದ್ದರೆ ವ್ಯಾಲ್ಯೂ ದಶಮಾಂಶದ ನಾಲ್ಕು ಸ್ಥಾನ ಮಾತ್ರ ಉಳಿಸುತ್ತದೆ, ವ್ಯಾಲ್ಯೂ2 ಇದ್ದದ್ದನ್ನು ಇದ್ದ ಹಾಗೆ ಕೊಡುತ್ತದೆ. ಪಟ್ಟಿಯಲ್ಲಿಲ್ಲದ ತರ ಬಂದು #ಎನ್/ಎ ಆದರೆ ಗಟ್ಟಿಮಾಡದೆ ಎಚ್ಚರಿಸುತ್ತದೆ. ತರ ತಿದ್ದಿ ಇನ್ನೊಮ್ಮೆ ಓಡಿಸಿದರೆ ಆಯಿತು. ಬೆಳಗ್ಗೆ ಒಂದು ದರ, ಮಧ್ಯಾಹ್ನ ಇನ್ನೊಂದು ಆಗುವ ದಿನ, ಪಟ್ಟಿ ತಿದ್ದುವ ಮೊದಲು ಮ್ಯಾಕ್ರೋ ಓಡಿಸಲೇಬೇಕು. ಗೋಣಿತೂಕದ ಅಂಕಿ ಮುಂದೆ ಬದಲಾಗಬಹುದಾದರೆ ಕಡಿತದ ಕಾಲಮ್ಮಿಗೂ ಇದೇ ಉಪಾಯ ಮಾಡಿ, ಖಾಲಿ ಸೆಲ್‌ಗಳಿಗೆ ಮಾತ್ರ ಫಾರ್ಮುಲಾ ಹಾಕಿ ಗಟ್ಟಿಮಾಡಿ. ಈಗಿರುವ ಶೀಟಿನಲ್ಲಿ ಹಳೆ ದರಗಳೆಲ್ಲ ಫಾರ್ಮುಲಾ ಆಗಿರುವುದರಿಂದ ಮೊದಲು ಅವನ್ನು ಚೀಟಿಯ ಜೊತೆ ತಾಳೆ ನೋಡಿ, ಕೈಯಾರೆ ಅಂಕಿಯಾಗಿ ಅಂಟಿಸಿಬಿಡಿ.

ಹೊಸದಾಗಿ ಶೀಟು ಶುರುಮಾಡುವವರಿಗೆ ನನ್ನ ಸಲಹೆ ಬೇರೆ. ಕಂಟ್ರೋಲ್ ಮತ್ತು ಟಿ ಒತ್ತಿ ಟೇಬಲ್ ಮಾಡಿದರೆ ಕೆಳಗೆ ಬರೆದ ಸಾಲಿಗೆ ನಿವ್ವಳ, ಮೊತ್ತಗಳ ಫಾರ್ಮುಲಾ ತಾನೇ ಇಳಿಯುತ್ತದೆ, ಮ್ಯಾಕ್ರೋ ಬೇಕಾಗುವುದು ದರ ಗಟ್ಟಿಮಾಡುವುದಕ್ಕೆ ಮಾತ್ರ. ಕೇರಳದ ಶಾಲೆಯಲ್ಲಿ ಕಲಿತು ಲಿಬ್ರೆ ಆಫೀಸ್ ಕ್ಯಾಲ್ಕ್‌ನಲ್ಲೇ ಕೈ ಪಳಗಿದವರು ಗಮನಿಸಿ: ಅದರದೇ ಬೇಸಿಕ್‌ನಲ್ಲಿ ಮೇಲಿನ ಕೋಡು ಇದ್ದ ಹಾಗೇ ನಡೆಯುತ್ತದೆಂದು ಭಾವಿಸಬೇಡಿ. ಅದರ ಸೆಟ್‌ಫಾರ್ಮುಲಾಅರೇ ಬಳಸುವುದಾದರೆ ಪ್ರತಿ ಸಾಲಿನ ಫಾರ್ಮುಲಾವನ್ನೂ ಸಿದ್ಧಮಾಡಿ ಕೊಡಬೇಕು, ಒಳಗಿನ ಅಲ್ಪವಿರಾಮದ ಜಾಗದಲ್ಲಿ ಅರ್ಧವಿರಾಮ ಬರಬೇಕು.

ಮ್ಯಾಕ್ರೋ ಮಾಡಿದ್ದನ್ನು ಕಂಟ್ರೋಲ್ ಮತ್ತು ಜೆಡ್ ಒತ್ತಿ ಹಿಂದೆ ತರಲು ಆಗುವುದಿಲ್ಲ. ಕಡತವನ್ನು ಮ್ಯಾಕ್ರೋ ಸಹಿತದ ಎಕ್ಸ್‌ಎಲ್‌ಎಸ್‌ಎಂ ರೂಪದಲ್ಲಿ ಉಳಿಸಿ, ಅದರ ಪ್ರತಿಯೊಂದರಲ್ಲಿ ಮೊದಲು ಓಡಿಸಿ ನೋಡಿ. ಗೋಣಿತೂಕ 0.800 ಇಟ್ಟು, ಮೊದಲ ಸಾಲಿನಲ್ಲಿ ಒಂದು ಗೋಣಿ, 62.400 ಕಿಲೋ, ದರ 480 ಎಂದು ಬರೆದರೆ ಕಡಿತ 0.800, ನಿವ್ವಳ 61.600, ಮೊತ್ತ 29,568 ಬರಬೇಕು. ಆಮೇಲೆ ಕೆಳಗೆ ಎರಡು ಸಾಲು ಹೊಸದಾಗಿ ಸೇರಿಸಿ ಮತ್ತೆ ಓಡಿಸಿ, ಕೊನೆಯ ಸಾಲಿನ ನಿವ್ವಳದ ಸೆಲ್ಲಿನಲ್ಲಿ ಎಫ್2 ಒತ್ತಿ. ಅದೇ ಸಾಲಿನ ತೂಕ, ಅದೇ ಸಾಲಿನ ಕಡಿತದ ಸುತ್ತ ಬಣ್ಣದ ಚೌಕ ಕಂಡರೆ ರೇಂಜು, ಫಾರ್ಮುಲಾ ಎರಡೂ ಸರಿಯಾಗಿ ಕೂತಿವೆ.